ಊರಿನವರ ಡಿಸ್ಕು, ಮನೆಯವಳ ಹಾಡು

ನಮ್ಮನೆಯವರು ದೇವರಂಥ ಮನುಷ್ಯರು ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನವರು ಹೇಳುತ್ತಾರೆ. ಹೇಳಲಿ, ಅವರ ಬಾಯಿ. ದೇವರ ಜೊತೆ ಸಂಸಾರ ಮಾಡಿದವರು ಯಾರಾದರೂ ಇದ್ದರೆ ನಮ್ಮನೆಗೆ ಬನ್ನಿ, ಕೂತು ಮಾತಾಡೋಣ! ದೇವರಾದರೂ ಗಂಟೆ ಬಾರಿಸಿದರೆ ನೈವೇದ್ಯದ ಹೊತ್ತಿಗೆ ಸರಿಯಾಗಿ ಕೂತಿರುತ್ತಾನೆ. ಇವರಿಗೆ ಅಷ್ಟೂ ಇಲ್ಲ. ಬಡಿಸಿಟ್ಟ ಅನ್ನ ಆರಿ ತಣ್ಣಗಾದ ಮೇಲೆ ಬಂದು, ಇವತ್ತು ಅನ್ನ ಯಾಕೋ ಗಟ್ಟಿಯಾಗಿದೆ ಎನ್ನುತ್ತಾರೆ. ಸಿಟ್ಟು ಬರುತ್ತದೋ ಇಲ್ಲವೋ ನೀವೇ ಹೇಳಿ.

ಇವರ ಉದ್ಯೋಗ ಎಂದರೆ ಕೆಟ್ಟ ಕಂಪ್ಯೂಟರಿನ ಹೊಟ್ಟೆಯೊಳಗೆ ಕಳೆದುಹೋದದ್ದನ್ನು ಹುಡುಕಿ ಹೊರಗೆ ತೆಗೆಯುವುದು. ಮೊದಲು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ತೊಂಬತ್ತರ ದಶಕದಲ್ಲಿ ಶಿರಸಿ ಪೇಟೆಗೆ ಕಂಪ್ಯೂಟರುಗಳು ಬಂದವು, ಬಂದ ಬೆನ್ನಿಗೇ ಕೆಡತೊಡಗಿದವು. ಇವರಿಗೆ ಸುಗ್ಗಿ! ಮನೆಯ ಜಗಲಿಯ ಪಕ್ಕದ ಕೋಣೆಯೇ ಅಂಗಡಿಯಾಯಿತು. ಹೀಗೆ ಊರಿನವರದ್ದನ್ನೆಲ್ಲ ಹುಡುಕಿಕೊಟ್ಟ ಮಹಾನುಭಾವರು ನನ್ನದೊಂದನ್ನು ಕಳೆದುಬಿಟ್ಟರು. ನನ್ನ ಹಾಡನ್ನು. ಹಾಡು ತಾನೇ, ಮತ್ತೊಮ್ಮೆ ಹಾಡಿದರಾಯಿತಲ್ಲ ಎನ್ನಬೇಡಿ. ಅದು ಆಗುವ ಮಾತಲ್ಲ. ಯಾಕೆಂದು ಹೇಳುತ್ತೇನೆ, ಅದಕ್ಕೂ ಮೊದಲು ಇವರ ಪ್ರತಾಪ ಸ್ವಲ್ಪ ಕೇಳಿ.

ಗಿರಾಕಿ ಎಂದರೆ ದೇವರು ಎಂದು ಬೇರೆ ಅಂಗಡಿಯವರು ಬೋರ್ಡು ಹಾಕುತ್ತಾರೆ. ನಮ್ಮಲ್ಲಿ ಗಿರಾಕಿ ಎಂದರೆ ಅಪರಾಧಿ! ಕಂಪ್ಯೂಟರು ಎಲ್ಲವನ್ನೂ ತುಂಬಿಟ್ಟುಕೊಳ್ಳುವ ಡಿಸ್ಕು ಕೈಗೆ ಬಂದ ಕೂಡಲೇ ಇವರ ಮೊದಲ ಪ್ರಶ್ನೆ, ಎರಡನೇ ಪ್ರತಿ ಎಲ್ಲಿ? ಇಲ್ಲ ಎಂದರೆ ಮುಗಿಯಿತು, ಮಂಗಳಾರತಿ ಶುರು. ಹೆಗ್ಗರಣೆ ಕಡೆಯ ಮಾಸ್ತರರೊಬ್ಬರು ಒಮ್ಮೆ ಬಂದಿದ್ದರು. ಶಾಲೆಯ ಸ್ಮರಣ ಸಂಚಿಕೆಯನ್ನು ವರ್ಷವಿಡೀ ಕೂತು ಟೈಪು ಮಾಡಿಸಿದ್ದರಂತೆ, ಎಲ್ಲ ಹೋಗಿತ್ತು. ಇವರಿಗೆ ಸಣ್ಣವರಿದ್ದಾಗ ಅಕ್ಷರ ಕಲಿಸಿದ ಗುರುಗಳೇ ಅವರು. ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಇವರು ವಿಚಾರಣೆಗೆ ನಿಂತರು.

"ಮಾಸ್ತರ್ರೆ, ಮನೇಲಿ ಕನ್ನಡಕ ಎಷ್ಟಿದ್ದು?"

"ಎರಡಿದ್ದು. ಒಂದು ಒಡೆದರೆ ಬೇಕಲಾ."

"ಸ್ಮರಣ ಸಂಚಿಕೆ?"

"ಒಂದೇ."

"ಹಂಗಾರೆ ಓದಲೆ ತೊಂದ್ರೆ ಇಲ್ಲೆ. ಓದಲೆ ಎಂತೂ ಇಲ್ಲೆ, ಅಷ್ಟೆ."

ಒಳಗೆ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ನನಗೆ ನಾಚಿಕೆಯಿಂದ ಎಲ್ಲಿ ಮುಖ ಇಡುವುದೆಂದು ತಿಳಿಯಲಿಲ್ಲ. ಪಾಪ, ಆ ಮಾಸ್ತರರು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗನ ಹಾಗೆ ನಿಂತಿದ್ದರು. ಆಮೇಲೆ ಇವರು ಊಟ ತಿಂಡಿ ಬಿಟ್ಟು ಅದರ ಹಿಂದೆ ಬಿದ್ದು, ಸಂಚಿಕೆಯನ್ನು ಪೂರ್ತಿ ತೆಗೆದುಕೊಟ್ಟರು ಅನ್ನಿ. ದೇವರಂಥ ಮನುಷ್ಯ ಎಂಬ ಬಿರುದು ಮೊದಲು ಹೊರಟಿದ್ದು ಆ ಮಾಸ್ತರರ ಬಾಯಿಂದಲೇ.

ಇನ್ನು ಫ್ರಿಜ್ಜಿನ ಕಥೆ. ಕೆಲವು ಡಿಸ್ಕುಗಳು ಬಿಸಿಯಾದರೆ ಹಟ ಹಿಡಿದು ಕೂರುತ್ತವಂತೆ, ಚೆನ್ನಾಗಿ ತಣ್ಣಗೆ ಮಾಡಿದರೆ ಸ್ವಲ್ಪ ಹೊತ್ತು ಕೆಲಸ ಮಾಡುತ್ತವಂತೆ. ಅದಕ್ಕೆ ಇವರು ಒಂದು ಡಿಸ್ಕನ್ನು ಕಪ್ಪು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದರು. ನನಗೆ ಹೇಳಿದರೇ? ಹೇಳುವ ಅಭ್ಯಾಸ ಇದ್ದರಲ್ಲವೇ! ಮರುದಿನ ನೆಂಟರು ಬಂದರು, ಮುರುಗಲು ಪಾನಕಕ್ಕೆ ಐಸು ತೆಗೆಯಲು ಅತ್ತೆ ಫ್ರಿಜ್ಜಿನೊಳಗೆ ಕೈ ಹಾಕಿದರು. ಕೈಗೆ ಸಿಕ್ಕಿದ್ದು ಕಪ್ಪು ಕೊಟ್ಟೆ, ಗಟ್ಟಿ, ತಣ್ಣಗೆ. ನಮ್ಮ ಪೇಟೆಯಲ್ಲಿ ಕಪ್ಪು ಕೊಟ್ಟೆಯಲ್ಲಿ ಏನನ್ನು ಕಟ್ಟಿಕೊಡುತ್ತಾರೆಂದು ಗೊತ್ತಿಲ್ಲದವರು ಯಾರು? ಈರುಳ್ಳಿಯನ್ನೂ ಒಳಗೆ ಸೇರಿಸದ ಅತ್ತೆ ಬಿಳಿಚಿಕೊಂಡರು. ನೆಂಟರಿಗೆ ಕೇಳಿಸದ ಹಾಗೆ ನನ್ನನ್ನು ಬಚ್ಚಲುಮನೆಗೆ ಕರೆದುಕೊಂಡು ಹೋಗಿ, "ಇಂವ ಯಾವತ್ತಿಂದ ಶುರು ಮಾಡಿದ್ದ?" ಎಂದು ಕೇಳಿದರು.

ನಾನು ಏನು ಹೇಳಿದರೂ ಅವರು ನಂಬಲಿಲ್ಲ. ಗಂಡನನ್ನು ಬಿಟ್ಟುಕೊಡದ ಸೊಸೆ ಎಂದುಕೊಂಡಿರಬೇಕು. ಫ್ರಿಜ್ಜಿನಲ್ಲಿದ್ದ ಹಾಲು, ಮೊಸರು, ದೋಸೆ ಹಿಟ್ಟು ಎಲ್ಲ ಹಿತ್ತಲಿಗೆ ಹೋಯಿತು. ಆಮೇಲೆ ಫ್ರಿಜ್ಜಿಗೂ ಆ ಕೊಟ್ಟೆಗೂ ಗೋಮೂತ್ರದ ಪ್ರೋಕ್ಷಣೆ ಆಯಿತು. ಸಂಜೆ ಇವರು ಬಂದು ಕೊಟ್ಟೆ ಬಿಚ್ಚಿ ಡಿಸ್ಕು ಜೋಡಿಸಿದರೆ, ಅದು ಒಂದೇ ಏಟಿಗೆ ಎಲ್ಲ ಕೊಟ್ಟುಬಿಡಬೇಕೇ! ಅಂದಿನಿಂದ ಯಾವ ಡಿಸ್ಕು ಹಟ ಮಾಡಿದರೂ ಅತ್ತೆ ಗೋಮೂತ್ರದ ಗಿಂಡಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಇವರ ಮೈಯೆಲ್ಲ ಉರಿಯುತ್ತಿತ್ತು. ನನಗೆ ಮಾತ್ರ ಬಹಳ ಸಮಾಧಾನವಾಗುತ್ತಿತ್ತು.

ಈಗ ನನ್ನ ವಿಷಯ. ನಮ್ಮ ಕಡೆ ಮದುವೆ, ಉಪನಯನ ಯಾವುದೇ ಇರಲಿ, ಹಸೆಯ ಮೇಲೆ ಕೂರಿಸುವಾಗ ಹೆಂಗಸರು ಹಾಡು ಹೇಳಬೇಕು. ನನ್ನ ಗಂಟಲು ಚೆನ್ನಾಗಿತ್ತು. ಜಂಬ ಎಂದರೆ ಜಂಬ, ಇದ್ದದ್ದನ್ನು ಇಲ್ಲ ಎನ್ನಲೇ? ನಾನು ಬಂದ ಹೊರತು ಹಸೆ ಹಾಸದ ಮನೆಗಳಿದ್ದವು. ಮೈಕು ಇಲ್ಲದೆ ಹಾಡಿದರೆ ಚಪ್ಪರದಾಚೆ ಅಡುಗೆ ಮಾಡುವ ಭಟ್ಟರು ಸೌಟು ನಿಲ್ಲಿಸಿ ಕೇಳುತ್ತಿದ್ದರು. ಅದೇ ಗಂಟಲಿನಲ್ಲಿ ಥೈರಾಯ್ಡಿನ ಗಡ್ಡೆ ಬೆಳೆಯಿತು. ತೆಗೆಯಲೇಬೇಕು, ಆದರೆ ಧ್ವನಿಯ ನರ ಅದರ ಮಗ್ಗುಲಲ್ಲೇ ಹೋಗುತ್ತದೆ, ಎಷ್ಟು ಜಾಗ್ರತೆ ಮಾಡಿದರೂ ಅಪರೂಪಕ್ಕೆ ಕೆಲವರಿಗೆ ಧ್ವನಿ ಕುಂದಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಗ ಇವರು ಜನ್ಮದಲ್ಲಿ ಮೊದಲ ಬಾರಿಗೆ ಒಂದು ಬುದ್ಧಿವಂತಿಕೆಯ ಕೆಲಸ ಮಾಡಿದರು. ಆಸ್ಪತ್ರೆಗೆ ಹೋಗುವ ಮುಂಚೆ ನನ್ನನ್ನು ಅಂಗಡಿಯ ಕೋಣೆಯಲ್ಲಿ ಕೂರಿಸಿ, ನನಗೆ ಬರುವ ಹಾಡುಗಳನ್ನೆಲ್ಲ ನೇರವಾಗಿ ಕಂಪ್ಯೂಟರಿಗೆ ಹಾಡಿಸಿಕೊಂಡರು.

ಅಪರೂಪದವರಲ್ಲಿ ನಾನೂ ಒಬ್ಬಳಾದೆ. ಧ್ವನಿ ಹೋಯಿತು ಎಂದರೆ ಮೂಕಿಯಾದೆ ಎಂದಲ್ಲ. ಗಾಳಿ ಹೆಚ್ಚು, ಮಾತು ಕಡಿಮೆ. ಪಕ್ಕದಲ್ಲಿ ಕೂತವರಿಗೆ ಕೇಳಿಸುತ್ತದೆ, ಆಚೆ ಕೋಣೆಗೆ ಮುಟ್ಟುವುದಿಲ್ಲ. ಹಾಡಂತೂ ಮುಗಿದೇ ಹೋಯಿತು. ದಿನಗಟ್ಟಲೆ ಕಣ್ಣೀರು ಹಾಕಿದೆ. ಎಲ್ಲಕ್ಕಿಂತ ದೊಡ್ಡ ನಷ್ಟ ಏನೆಂದರೆ ಬೈಯಲು ಬಾರದ ಹಾಗಾಯಿತು! ಪಿಸುಪಿಸು ಎಂದು ಬೈದರೆ ಯಾವ ಗಂಡ ಹೆದರುತ್ತಾನೆ? ಅದಕ್ಕೇ ಈಗ ಬರೆಯುತ್ತಿದ್ದೇನೆ. ಓದಿಯಾದರೂ ಹೆದರಲಿ.

ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಗುಡುಗು ಶುರುವಾಯಿತೆಂದರೆ ಮನೆಮನೆಯಲ್ಲಿ ಮೊದಲು ಮಾಡುವ ಕೆಲಸ ಫೋನಿನ ವಯರು ಕೀಳುವುದು. ಸಿಡಿಲು ಆ ತಂತಿ ಹಿಡಿದೇ ಮನೆಯೊಳಗೆ ಬರುತ್ತದೆ. ಬಂದ ಗಿರಾಕಿಗಳಿಗೆಲ್ಲ ಇವರೇ ಅದನ್ನು ಮಂತ್ರದ ಹಾಗೆ ಉಪದೇಶ ಮಾಡುತ್ತಿದ್ದರು. ಆ ವರ್ಷ ಒಂದು ಮಧ್ಯಾಹ್ನ ಗುಡುಗಿದಾಗ ಇವರೇನು ಮಾಡುತ್ತಿದ್ದರು? ಯಲ್ಲಾಪುರದ ಯಾರದೋ ಡಿಸ್ಕಿಗೆ ಬೇಕೆಂದು ಅದೇ ಫೋನಿನ ತಂತಿಯಲ್ಲಿ ಇಂಟರ್ನೆಟ್ಟಿನಿಂದ ಏನೋ ಇಳಿಸುತ್ತಿದ್ದರು. ಇನ್ನು ಸ್ವಲ್ಪ ಬಾಕಿ, ಇನ್ನು ಸ್ವಲ್ಪ ಬಾಕಿ ಎಂದು ಕೂತಿದ್ದಾರೆ. ನಾನು ಅಡುಗೆಮನೆಯಿಂದ, ವಯರು ಕೀಳಿ ಎಂದೆ. ಕೇಳಿಸಲಿಲ್ಲ. ಹಿಟ್ಟಿನ ಕೈಯಲ್ಲೇ ನಡುಮನೆಗೆ ಓಡಿ ಬಂದು ಮತ್ತೆ ಎಂದೆ. ಜಗಲಿಯ ಬಾಗಿಲಿಗೆ ನಾನು ಮುಟ್ಟುವುದೂ ಸಿಡಿಲು ಹೊಡೆಯುವುದೂ ಒಂದೇ ಆಯಿತು. ಫೋನು ಚೂರಾಯಿತು. ನನ್ನ ಹಾಡುಗಳಿದ್ದ ಕಂಪ್ಯೂಟರಿನಿಂದ ಸುಟ್ಟ ವಾಸನೆ ಬಂತು. ಇವರಿಗೆ ಏನೂ ಆಗಲಿಲ್ಲ ಎಂದು ಕೈಕಾಲು ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ನನ್ನ ಸಿಟ್ಟು ನೆತ್ತಿಗೇರಿತು. ಎರಡನೇ ಪ್ರತಿ ಎಲ್ಲಿ ಎಂದು ಈ ಸಲ ನಾನು ಕೇಳಿದೆ.

ಹಾಡು ಬಹಳ ದೊಡ್ಡದಂತೆ, ಫ್ಲಾಪಿಯಲ್ಲಿ ಹಿಡಿಯುವುದಿಲ್ಲವಂತೆ. ಸಿಡಿ ಬರೆಯುವ ಡ್ರೈವು ಹುಬ್ಬಳ್ಳಿಯಿಂದ ಬರುವುದಿತ್ತಂತೆ, ಬಂದ ಮೇಲೆ ಮಾಡುವ ಎಂದಿದ್ದರಂತೆ! ಗುರುಗಳನ್ನೇ ಕಟಕಟೆಯಲ್ಲಿ ನಿಲ್ಲಿಸಿದ ಮನುಷ್ಯ ಇವರು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಸುಮ್ಮನೆ ಹೇಳಿದರೇ? ನಾನು ಆಮೇಲೆ ಎಷ್ಟೋ ದಿನ ಇವರ ಜೊತೆ ಮಾತೇ ಬಿಟ್ಟಿದ್ದೆ. ಆ ಧ್ವನಿಯಲ್ಲಿ ಮಾತು ಬಿಟ್ಟರೆ ಗೊತ್ತಾಗುವುದಾದರೂ ಹೇಗೆ, ಅದು ಬೇರೆ ಸಂಕಟ.

ಡಿಸ್ಕಿನ ಅಡಿಯಲ್ಲಿರುವ ಹಸಿರು ಬೋರ್ಡು ಸುಟ್ಟಿದೆ, ಅದೇ ಮಾದರಿಯ ಇನ್ನೊಂದು ಡಿಸ್ಕು ಸಿಕ್ಕಿದರೆ ಅದರ ಬೋರ್ಡು ಇದಕ್ಕೆ ಹಾಕಿ ನೋಡಬಹುದು ಎಂದು ಇವರು ತೀರ್ಮಾನಿಸಿದರು. ಅಂದಿನಿಂದ ಕಂಡವರ ಮನೆಯ ಕಂಪ್ಯೂಟರು ಬಿಚ್ಚುವುದೇ ಚಾಳಿ ಆಯಿತು. ನೆಂಟರ ಹುಡುಗನೊಬ್ಬನಿಗೆ ಹೆಣ್ಣು ನೋಡುವ ಶಾಸ್ತ್ರಕ್ಕೆಂದು ಮಂಚಿಕೇರಿಗೆ ಹೋದವರು ಹೆಣ್ಣನ್ನು ನೋಡಲಿಲ್ಲ, ಅವಳ ಅಪ್ಪನ ಕಂಪ್ಯೂಟರು ನೋಡಿ ಬಂದರು. ವಾನಳ್ಳಿಯಲ್ಲಿ ನನ್ನ ದೊಡ್ಡಮ್ಮನ ಮಗನ ಮನೆಯ ಉಪನಯನದಲ್ಲಿ ಮಾನವೇ ಹೋಯಿತು. ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಊಟ ಮುಗಿಯುವವರೆಗೆ ಏಳುವ ಹಾಗಿಲ್ಲ, ಇದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಪಾಯಸ ಬಡಿಸುತ್ತ ಬಂದವರು ನೋಡಿದರೆ ಎಲೆ ಇದೆ, ಇವರಿಲ್ಲ! ನಿನ್ನ ಗಂಡ ಎಲ್ಲಿ ಎಂದು ಎಲ್ಲರೂ ನನ್ನ ಮುಖ ನೋಡುವವರೇ. ಇವರು ಮಾಳಿಗೆಯ ಮೇಲೆ ಎಂಜಲು ಕೈ ಪಂಚೆಗೆ ಒರೆಸಿಕೊಂಡು ಸ್ಕ್ರೂ ತಿರುಗಿಸುತ್ತಿದ್ದರು. ಪಂಚೆಯ ಗಂಟಿನಲ್ಲಿ ಡಿಸ್ಕು ಕಟ್ಟಿಕೊಂಡು ಇಳಿದು ಬಂದವರು, ಮಂತ್ರಾಕ್ಷತೆ ಹಿಡಿದು ನಿಂತಿದ್ದ ನನ್ನ ಆ ದೊಡ್ಡಮ್ಮನ ಮಗ ಅಣ್ಣನಿಗೆ, "ಭಾವ, ನಿನ್ನ ಕಂಪ್ಯೂಟರು ಇವತ್ತು ನಡೆಯದಿಲ್ಲೆ, ನಾಳೆ ಹೊಸ ಡಿಸ್ಕು ಹಾಕಿಕೊಡ್ತೆ" ಎಂದರು. ಅಣ್ಣ ಅಕ್ಷತೆ ಹಾಕಿದ. ಮರುದಿನ ಇವರು ಹೊಸ ಡಿಸ್ಕು ಹಾಕಿ, ಹಳೆಯದರಲ್ಲಿದ್ದ ಎಲ್ಲವನ್ನೂ ತುಂಬಿಕೊಟ್ಟು ಬಂದರು. ಈಗ ಅವನೂ ಅದನ್ನೇ ಹೇಳುತ್ತಾನೆ, ದೇವರಂಥ ಮನುಷ್ಯ!

ಆ ಬೋರ್ಡು ಸರಿಹೊಂದಿತು, ನನ್ನ ಡಿಸ್ಕು ತಿರುಗಿತು. ಆದರೆ ಒಳಗೂ ಪೆಟ್ಟಾಗಿತ್ತಂತೆ. ಒಂದು ಚೂರು ಓದುವುದು, ನಿಲ್ಲುವುದು, ಮತ್ತೆ ಒಂದು ಚೂರು. ಗಿರಾಕಿಗಳ ಡಿಸ್ಕುಗಳು ಧೂಳು ತಿನ್ನುತ್ತ ಬಿದ್ದವು. ಮಳೆಗಾಲ ಹೋಯಿತು, ಚಳಿ ಹೋಯಿತು, ಇವರು ಅದರ ಮುಂದಿನಿಂದ ಏಳಲಿಲ್ಲ. ಸಾಕು ಬಿಡಿ, ಹೋದದ್ದು ಹೋಯಿತು ಎಂದು ನಾನೇ ಹೇಳಿದೆ. ಹಾಗೆ ಹೇಳಿದ್ದಕ್ಕೆ ಇವರಿಗೆ ನನ್ನ ಮೇಲೆಯೇ ಸಿಟ್ಟು! ಕೊನೆಗೆ ನನಗೆ ಆ ಹಾಡಿನ ಮೇಲೂ ಸಿಟ್ಟು ಬಂತು.

ಹೋಳಿಯ ಹೊತ್ತಿನ ಸೆಕೆಯ ಒಂದು ಮಧ್ಯಾಹ್ನ. ಚಹಾ ಹಿಡಿದು ಅಂಗಡಿಯ ಕಡೆ ಹೋದೆ. ಒಳಗೆ ಯಾರೋ ಹೆಂಗಸು ಇವರಿಗೆ ಜೋರಾಗಿ ಬೈಯುತ್ತಿದ್ದಳು. ಯಾರೋ ಗಿರಾಕಿ, ಡಿಸ್ಕು ಕೊಟ್ಟು ಕಾದು ಕಾದು ಸಿಟ್ಟಿಗೆದ್ದು ಬಂದಿದ್ದಾಳೆ ಎಂದುಕೊಂಡೆ. ಬೈಯಲಿ, ಚೆನ್ನಾಗಿ ಆಗಬೇಕು ಎಂದು ಬಾಗಿಲಾಚೆಯೇ ನಿಂತೆ. ಎಂಥ ಗಂಟಲು ಅದು! ಬೀದಿಯ ಆ ತುದಿಗೂ ಕೇಳಿಸುವ ಹಾಗಿತ್ತು.

"ಮೊದಲು ಆ ಫ್ಯಾನು ಬಂದ್ ಮಾಡಿ! ಎನ್ನ ಹಾಡು ತುಂಬ್ಸ್ತ್ರೋ, ಫ್ಯಾನಿನ ಸದ್ದು ತುಂಬ್ಸ್ತ್ರೋ? ಕೇಳ್ತಾ ನಿಂಗಕ್ಕೆ?"

"ಹೂಂ, ಮಾಡ್ದೆ" ಎಂದರು ಇವರು.

ಒಳಗೆ ಇಣುಕಿದೆ. ಹೆಂಗಸು ಯಾರೂ ಇರಲಿಲ್ಲ. ಇವರೊಬ್ಬರೇ ಸ್ಪೀಕರಿನ ಮುಂದೆ ಕೂತಿದ್ದರು. ಅಂಥ ಸೆಕೆಯಲ್ಲಿ ತಲೆಯ ಮೇಲಿನ ಫ್ಯಾನು ನಿಂತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಮೌಸು ಒತ್ತಿದರು. ಹೆಂಗಸು ಮೊದಲಿನಿಂದ ಬೈದಳು. ಇವರು ಮತ್ತೆ, ಹೂಂ, ಮಾಡ್ದೆ ಎಂದರು.

ನಾನು ಚಹಾ ಮೇಜಿನ ಮೇಲಿಟ್ಟೆ. ಇವರು ತಿರುಗಿ ನೋಡಿ, ಕದ್ದು ಸಿಕ್ಕಿಬಿದ್ದವರ ಹಾಗೆ ಮುಖ ಮಾಡಿದರು.

"ಹಾಡು ಒಂದೂ ಸಿಕ್ಕಿದ್ದಿಲ್ಲೆ. ಅವತ್ತು ನೀ ಬೈದಿದ್ದು ಇಷ್ಟು ಸಿಕ್ಕಿದ್ದು" ಎಂದರು. ಆಮೇಲೆ ನೆಲ ನೋಡುತ್ತ, "ಗುಡುಗಿದ ದಿನ ನೀ ಹಿಂಗೆ ಕೂಗಿದ್ರೆ ಎನಗೆ ಕೇಳ್ತಿತ್ತು" ಎಂದರು.

"ಕೂಗಿದ್ದೆ. ಅಷ್ಟೇ ಬಂದಿತ್ತು" ಎಂದೆ.

ಇವರ ಕಣ್ಣು ತುಂಬಿತು. ಮದುವೆಯಾದಂದಿನಿಂದ ನಾನು ಇವರ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಏನು ಮಾಡುವುದೆಂದು ತಿಳಿಯದೆ ಸ್ಟೂಲು ಎಳೆದು ಪಕ್ಕದಲ್ಲಿ ಕೂತೆ. ಇನ್ನೊಂದು ಸಲ ಹಾಕಿ ಎಂದೆ, ದೊಡ್ಡದಾಗಿ ಹಾಕಿ. ಇವರು ಹಾಕಿದರು. ಬೆವರು ಒರೆಸಿಕೊಳ್ಳುತ್ತ ಇಬ್ಬರೂ ಕೇಳಿದೆವು.

"ಚೊಲೋ ಬೈತಿದ್ದೆ ನೀನು" ಎಂದರು ಇವರು.