ತುಂಬಾ ಇರುಕು!

"ಈ ಸಲ ಆಲು ಕರೆಯೋ ಪಂದ್ಯಕ್ಕೆ ಶೂ ಆಕ್ಕೊಂಡೇ ಓಗ್ತೀನಿ. ಕಪ್ಪು ಎತ್ತೋದೂ ಶೂ ಆಕ್ಕೊಂಡೇ!"

ಶ್ರೀರಾಮಪ್ಪ ಕೊಟ್ಟಿಗೆಯ ಮುಂದೆ ನಿಂತು ಹೀಗೆ ಘೋಷಿಸಿದಾಗ ಕೇಳಿಸಿಕೊಂಡವರು ಹೆಂಡತಿ ಕನಕಮ್ಮ ಮತ್ತು ಹಸು ಗೌರಿ. ಇಬ್ಬರೂ ತಲೆ ಎತ್ತಲಿಲ್ಲ.

ಘೋಷಣೆಗೆ ಬಲವಾದ ಕಾರಣವಿತ್ತು. ಸೊಂಟನೋವು ಎಂದು ಬಂಗಾರಪೇಟೆಯ ಡಾಕ್ಟರ ಬಳಿ ಹೋದರೆ, ಆ ಪುಣ್ಯಾತ್ಮರು ಸೊಂಟ ಬಿಟ್ಟು ಹವಾಯಿ ಚಪ್ಪಲಿ ನೋಡಿದರು! "ಚಪ್ಪಲಿ ಒಂದೇ ಕಡೆ ಸವೆದಿದೆ. ಅದು ವಾಲಿದ ಕಡೆಗೇ ನೀವೂ ವಾಲಿದ್ದೀರಿ. ಕಾಲಿಗೆ ಸರಿಯಾಗಿ ಕೂರೋ ಶೂ ಹಾಕ್ಕೊಳ್ಳಿ, ಸೊಂಟ ನೆಟ್ಟಗಾಗುತ್ತೆ" ಎಂದುಬಿಟ್ಟರು. ಊರಿನ ಹಾಲಿನ ಡೇರಿಯ ಅಧ್ಯಕ್ಷನಿಗೆ ವಾಲಿದ್ದೀರಿ ಎನ್ನುವುದೇ! ಶ್ರೀರಾಮಪ್ಪನ ಮೈಯೆಲ್ಲ ಉರಿದುಹೋಗಿತ್ತು.

"ಆಂಡರ್ಸನ್‌ಪೇಟೆ ಅಂಗಡಿಗೆ ನಾನೂ ಬತ್ತೀನಿ. ನನ್ ತವರೂರು. ಅವರ ತಮಿಳು ನಿಮ್ಗೆ ತಿಳಿಯಾಕಿಲ್ಲ" ಎಂದಳು ಕನಕಮ್ಮ.

"ಕಾಲು ನಂದು, ಶೂ ನಂದು. ಮಧ್ಯೆ ಎಂಡ್ರು ಯಾಕೆ?"

ತೆಲುಗನ್ನು ನೀರು ಕುಡಿದಷ್ಟು ಸಲೀಸಾಗಿ ಆಡುವ ಶ್ರೀರಾಮಪ್ಪ, ತಮಿಳು ಮಾತ್ರ ಅತ್ತೆಮನೆಯ ಭಾಷೆ ಎಂದು ಹಟಕ್ಕೆ ಬಿದ್ದು ಕಲಿಯದೆ ಉಳಿದವನು. ಒಬ್ಬನೇ ಹೋದ.

ಅಂಗಡಿಯ ಆರುಮುಗಂ ಆ ಪಾದಗಳನ್ನು ನೋಡಿ ತಬ್ಬಿಬ್ಬಾದ. ಗದ್ದೆಯ ಕೆಸರಿನಲ್ಲಿ, ಕೊಟ್ಟಿಗೆಯ ಸಗಣಿಯಲ್ಲಿ ಸ್ವತಂತ್ರವಾಗಿ ಬೆಳೆದ ಪಾದಗಳವು! ಹಿಮ್ಮಡಿ ಸಣ್ಣದು, ಮುಂಗಾಲು ಮೊರದಷ್ಟು ಅಗಲ, ಬೆರಳುಗಳೋ ಆಸ್ತಿ ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ. ಹೇಗೋ ಒಂದು ಕಪ್ಪು ಶೂ ತೊಡಿಸಿ ಕೇಳಿದ.

"ಮುಂದೆ ಜಾಗ ಇರುಕ್ಕಾ ಸಾರ್?"

"ಇರುಕು! ತುಂಬಾ ಇರುಕು!"

"ತುಂಬಾ ಇರುಕ್ಕಾ?" ಆರುಮುಗಂ ಖುಷಿಯಿಂದ ಒಳಗೆ ಓಡಿ, ಒಂದು ನಂಬರ್ ಚಿಕ್ಕದು ತಂದ. "ಇಪ್ಪೊ ಸಾರ್?"

"ಅಯ್ಯಯ್ಯೋ, ಇನ್ನೂ ಇರುಕು!"

"ಇನ್ನುಂ ಇರುಕ್ಕಾ!" ಅದಕ್ಕಿಂತ ಚಿಕ್ಕದು ಬಂತು.

ತಮಿಳಿನಲ್ಲಿ 'ಇರುಕ್ಕು' ಎಂದರೆ 'ಇದೆ' ಎಂದು ಇವನಿಗೆ ಗೊತ್ತಿಲ್ಲ. ಕನ್ನಡದಲ್ಲಿ 'ಇರುಕು' ಎಂದರೆ ಬಿಗಿ ಎಂದು ಅವನಿಗೆ ಗೊತ್ತಿಲ್ಲ. ಎರಡು ಭಾಷೆಗಳ ನಡುವೆ ಸಿಕ್ಕಿ ನರಳಿದ್ದು ಮಾತ್ರ ಎರಡು ಕಾಲು!

ಆರುಮುಗಂ ಹಿಮ್ಮಡಿಗೆ ತಗಡಿನ ಪಟ್ಟಿ ಕೊಟ್ಟು, ಮಂಡಿಯೂರಿ ನೂಕಿದ. ಪಾದ ಒಳಗೆ ಹೋಯಿತು, ಉಸಿರು ಹೊರಗೆ ಬಂತು. ಈ ಸಲ "ಇರುಕು" ಎನ್ನಲೂ ಶ್ರೀರಾಮಪ್ಪನಿಗೆ ತ್ರಾಣವಿರಲಿಲ್ಲ. ಗಿರಾಕಿ ಸುಮ್ಮನಾದದ್ದು ನೋಡಿ ಆರುಮುಗಂ "ಕರೆಕ್ಟ್ ಸೈಜು!" ಎಂದು ಬೆವರು ಒರೆಸಿಕೊಂಡ.

ಎದ್ದು ನಿಂತರೆ ನೋವಿಗೆ ಬೆನ್ನು ತಾನೇ ಸೆಟೆದು ನಿಂತಿತು. ಕನ್ನಡಿಯಲ್ಲಿ ಸಾಕ್ಷಾತ್ ಪೊಲೀಸ್ ಇನ್ಸ್‌ಪೆಕ್ಟರ್! ಡಾಕ್ಟರು ಹೇಳಿದ್ದು ಇದೇ ಇರಬೇಕು ಎಂದು ಶ್ರೀರಾಮಪ್ಪ ಹಲ್ಲು ಕಚ್ಚಿಕೊಂಡು ಕೊಂಡುಕೊಂಡ.

ಪಂದ್ಯದ ದಿನ ಬಂಗಾರಪೇಟೆಯ ಮೈದಾನದಲ್ಲಿ ಟೆಂಪೊ ಇಳಿಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ಮಾಯವಾಗಿದ್ದ. ಬೆರಳು ಉಳಿಸಿಕೊಳ್ಳಲು ಹಿಮ್ಮಡಿಯ ಮೇಲೆ ಭಾರ, ಹಿಮ್ಮಡಿ ಉಳಿಸಿಕೊಳ್ಳಲು ಮಂಡಿ ವಕ್ರ, ಮಂಡಿಯನ್ನು ಸಂಭಾಳಿಸಲು ಸೊಂಟ ಹಿಂದಕ್ಕೆ, ಕತ್ತು ಮುಂದಕ್ಕೆ.

"ಇದೇನು, ಕಾಲು ಸುಟ್ಟ ಬೆಕ್ಕಿನಂಗೆ ನಡೀತಿದ್ದೀರ?" ಎಂದಳು ಗೌರಿಯನ್ನು ಟೆಂಪೊದಿಂದ ಇಳಿಸುತ್ತಿದ್ದ ಕನಕಮ್ಮ.

"ಸುಮ್ಕಿರು! ಒಸದು, ಪಳಗಬೇಕು!"

"ಶೂ ಪಳಗೋದಾ, ನೀವು ಪಳಗೋದಾ?"

ಮೈಕಿನಲ್ಲಿ ಹೆಸರು ಕೂಗಿದರು. ಶೂ ಹಾಕಿಕೊಂಡು ಕೆಚ್ಚಲ ಬಳಿ ಕೂರುವುದುಂಟೇ? ಬಿಚ್ಚಲು ಹೋದರೆ ಊದಿದ ಕಾಲು ಬರಲೊಲ್ಲದು! ಸರಿ, ಶೂ ಸಮೇತ ಕುಕ್ಕರುಗಾಲಲ್ಲಿ ಕೂರಲು ನೋಡಿದ. ಬೆರಳು ಬಾಗಲಿಲ್ಲ. ಡೇರಿ ಅಧ್ಯಕ್ಷರು ಸಾರ್ವಜನಿಕರ ಸಮ್ಮುಖದಲ್ಲಿ ಹಿಂದಕ್ಕೆ ಉರುಳಿದರು! ಟಪ್ ಟಪ್ ಹವಾಯಿ ಸದ್ದಿಗೆ ಹಾಲಿಳಿಸುವ ಗೌರಿ, ಇವನ್ಯಾರೋ ಕುಣಿಯುವವನು ಬಂದ ಎಂದು ಬಕೆಟ್ಟಿಗೆ ಒಂದು ಒದೆ ಕೊಟ್ಟಳು.

"ಮನೆಯವರು ಯಾರಾದ್ರೂ ಕರೀತೀರೋ, ಇಲ್ಲಾ ಹಸು ಆಚೆ ಹೊಡ್ಕೊಂಡು ಹೋಗ್ತೀರೋ?" ತೀರ್ಪುಗಾರರು ಗದರಿದರು.

ಕನಕಮ್ಮ ಸೆರಗು ಸಿಕ್ಕಿಸಿ ಕೂತಳು. ಗೌರಿ ಹಾಲಿಳಿಸಿದಳು. ಚೊರ್ ಚೊರ್ ಎಂದು ಬಕೆಟ್ ತುಂಬುತ್ತಿದ್ದರೆ ಶ್ರೀರಾಮಪ್ಪನ ಹೊಟ್ಟೆ ಉರಿಯುತ್ತಿತ್ತು. ಹೆಸರು ತನ್ನದು, ಮೆರೆಯಬೇಕಾದವನು ತಾನು! ಬೇವಿನ ಮರದ ಕೆಳಗೆ ಕೂತು, ಕೆಚ್ಚಲಿಗೆಂದು ತಂದಿದ್ದ ಹರಳೆಣ್ಣೆಯನ್ನೆಲ್ಲ ಶೂ ಒಳಗೆ ಸುರಿದುಕೊಂಡು, ಜಗ್ಗಿ ಜಗ್ಗಿ ಕಿತ್ತು, ಜನರ ಮಧ್ಯಕ್ಕೆ ಎಸೆದ.

"ಇರುಕು ಇರುಕು ಅಂತ ಬಡ್ಕೊಂಡೆ! ಬಡ್ಕೊಂಡಷ್ಟೂ ಚಿಕ್ಕದೇ ತಂದ ಕಣೇ, ಆ ಕಟುಕ!"

ಕನಕಮ್ಮನ ಕೈ ಕೆಚ್ಚಲ ಮೇಲೇ ನಿಂತಿತು. "ತಮಿಳ್ನೋನ ಹತ್ರ ಇರುಕು ಅಂದ್ರಾ? ಜಾಗ ಐತೆ, ಜಾಗ ಐತೆ ಅಂತ ನೀವೇ ಕೂಗಿ ತರಿಸ್ಕೊಂಡಿದ್ದೀರಲ್ರೀ!" ಎಂದು ನಕ್ಕ ರಭಸಕ್ಕೆ ಬಕೆಟ್ ಅಲುಗಿತು.

"ಏಳು ಮೇಲೆ! ಈಗ ಕಾಲು ಖಾಲಿ ಐತೆ, ನಾನೇ ಕರೀತೀನಿ!" ಎಂದು ಶ್ರೀರಾಮಪ್ಪ ನುಗ್ಗಿದ. ಅಷ್ಟರಲ್ಲಿ ಸಮಯ ಮುಗಿದ ಗಂಟೆ ಹೊಡೆಯಿತು.

ಕಪ್ಪು ಕನಕಮ್ಮನ ಪಾಲಾಯಿತು. ಚಪ್ಪಾಳೆ ಕನಕಮ್ಮನಿಗೆ, ಫೋಟೋ ಕನಕಮ್ಮನಿಗೆ, ಹಾರ ಕೂಡ ಕನಕಮ್ಮ ಮತ್ತು ಗೌರಿಗೆ! ಶ್ರೀರಾಮಪ್ಪ ಬೇವಿನ ಮರಕ್ಕೆ ಒರಗಿ ಕಾಲು ತಿಕ್ಕಿಕೊಳ್ಳುತ್ತಾ, ಡಾಕ್ಟರನ್ನೂ ಆರುಮುಗಂನನ್ನೂ ತಮಿಳನ್ನೂ ಒಟ್ಟಿಗೆ ಬೈಯುತ್ತಿದ್ದ. ಆಗ ಮೈಕು ಮತ್ತೆ ಗುರುಗುಟ್ಟಿತು.

"ಸಾರ್ವಜನಿಕರ ಗಮನಕ್ಕೆ. ಮೈದಾನದಲ್ಲಿ ಯಾವುದೋ ಮಗುವಿನ ಶೂ ಸಿಕ್ಕಿದೆ. ಪಾಪ, ಮಗು ಎಲ್ಲಿ ಅಳುತ್ತಿದೆಯೋ! ತಾಯಿ ಎಲ್ಲಿದ್ದರೂ ವೇದಿಕೆಗೆ ಬಂದು ತಗೊಂಡು ಹೋಗಬೇಕು."

ಕಪ್ಪನ್ನು ಕಂಕುಳಲ್ಲಿಟ್ಟುಕೊಂಡಿದ್ದ ಕನಕಮ್ಮ ಗಂಭೀರವಾಗಿ ಮೈಕಿನ ಮುಂದೆ ನಿಂತಳು.

"ಕೊಡಿ ಸಾರ್, ನಮ್ದೇ. ಮಗು ಅಲ್ಲಿ ಬೇವಿನ ಮರದ ಕೆಳಗೆ ಮುನಿಸ್ಕೊಂಡು ಕುಂತೈತೆ."