ಫೋನು ಎಂಗೇಜ್ ಬಂದ ಚುನಾವಣೆ

ರಾಜ್ಯಶಾಸ್ತ್ರ ಕಲಿಸುವವನಿಗೆ ರಾಜಕೀಯ ಬರಬೇಕೆಂದೇನೂ ಇಲ್ಲ. ಇದನ್ನು ನಮ್ಮ ಅವ್ವನಿಗೆ ತಿಳಿಸಿ ಹೇಳುವುದು ಮಾತ್ರ ನನ್ನಿಂದ ಕೊನೆಗೂ ಆಗಲಿಲ್ಲ. ನಮ್ಮೂರು ಇಜೇರಿಗೆ ಹೋದಾಗೊಮ್ಮೆ ಆಕೆ, ಗುಲಬರ್ಗಾದಲ್ಲಿ ಹುಡುಗರಿಗೆ ಏನು ಕಲಿಸುತ್ತೀ ಎಂದು ಕೇಳುವಳು. ರಾಜಕೀಯ ಎನ್ನುವೆ. "ಹಂಗಾರ ನೀ ಇನ್ನೂ ಪಂಚಾಯ್ತಿ ಮೆಂಬರ್ ಸೈತ ಯಾಕ ಆಗಿಲ್ಲೋ?" ಎನ್ನುವಳು. ಸಂವಿಧಾನದ ಮೇಲೆ ತಾಸುಗಟ್ಟಲೆ ಮಾತಾಡಬಲ್ಲ ನಾನು ಆ ಪ್ರಶ್ನೆ ಬಂದಾಗ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆ.

ಹಾಗಾಗಿ ತೊಂಬತ್ತರ ದಶಕದ ಕೊನೆಯಲ್ಲಿ, ವಿಶ್ವವಿದ್ಯಾಲಯ ಮತ್ತು ಸುತ್ತಲ ಕಾಲೇಜುಗಳ ಅಧ್ಯಾಪಕರ ಸಂಘಕ್ಕೆ ಅಧ್ಯಕ್ಷನಾಗಲು ಗೆಳೆಯರು ನನ್ನನ್ನು ನಿಲ್ಲಿಸಿದಾಗ ಬೇಡವೆನ್ನಲಿಲ್ಲ. ಅವರು ನನ್ನ ಯೋಗ್ಯತೆ ನೋಡಿ ನಿಲ್ಲಿಸಿದ್ದಲ್ಲ. ಇವನು ಯಾರಿಗೂ ಉಪಕಾರ ಮಾಡಿದವನಲ್ಲ, ಆದ್ದರಿಂದ ಇವನಿಗೆ ಶತ್ರುಗಳಿಲ್ಲ ಎಂಬ ಲೆಕ್ಕ. ಎದುರಾಳಿ ರಸಾಯನಶಾಸ್ತ್ರದ ಮಹಬೂಬ ಸಾಹೇಬರು. ಆಳಂದದವರು, ಪಕ್ಕದ ಕ್ವಾರ್ಟರ್ಸಿನವರು, ದಿನಾ ಸಂಜೆ ನನ್ನ ಜೊತೆ ವಾಕಿಂಗಿಗೆ ಬರುವವರು. ಮೂರನೆಯವರು ಸಸ್ಯಶಾಸ್ತ್ರದ ವೀರಣ್ಣ. ಯಾರಾದರೂ ಬಂದು ಕೈಮುಗಿದು ನಾಮಪತ್ರ ಹಿಂದಕ್ಕೆ ತಗೊಳ್ಳಿ ಅಂದಾರು, ತಾನು ದೊಡ್ಡ ಮನಸ್ಸು ಮಾಡಿ ತಗೊಂಡೇನು ಎಂಬ ಆಸೆಯಿಂದ ನಿಂತವರು. ಯಾರೂ ಕೈಮುಗಿಯಲಿಲ್ಲ. ಹೆಸರು ಹಾಗೇ ಉಳಿಯಿತು.

ಅದೇ ಹೊತ್ತಿಗೆ ನಮ್ಮ ಮನೆಗೆ ಇಂಟರ್ನೆಟ್ ಬಂತು. ಆಗ ಅದು ಫೋನಿನ ತಂತಿಯಲ್ಲೇ ಬರಬೇಕಿತ್ತು. ಅದಿದ್ದಾಗ ಫೋನಿಲ್ಲ, ಫೋನಿದ್ದಾಗ ಅದಿಲ್ಲ; ಒಂದೇ ಮನೆಗೆ ಸೊಸೆಯರಾಗಿ ಬಂದು ಮಾತು ಬಿಟ್ಟ ನೆಗೆಣ್ಣಿಯರ ಹಾಗೆ. ಮೊದಲು ಎಣ್ಣೆ ಕಾಣದ ಗಾಣದಂಥ ಸಪ್ಪಳ, ಆಮೇಲೆ ದೀರ್ಘ ಮೌನ, ಅದಾದ ಮೇಲೆ ಯಾವುದೋ ದೇಶದ ಸಂಸತ್ ಭವನದ ಚಿತ್ರ ಪರದೆಯ ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುವುದು. ಗುಮ್ಮಟ ಮುಗಿದು ಕಿಟಕಿ ಶುರುವಾಗುವಷ್ಟರಲ್ಲಿ ಚಹಾ ಆರಿರುತ್ತಿತ್ತು. ನಾನಂತೂ ವಿಭಾಗದಿಂದ ಬಂದವನೇ ಅದರ ಮುಂದೆ ಕೂತುಬಿಡುತ್ತಿದ್ದೆ. ಹವಳಗಾದಲ್ಲಿರುವ ತನ್ನ ತಂಗಿಯ ಫೋನು ಬರುವುದೇ ನಿಂತಿದೆ ಎಂದು ನನ್ನ ಹೆಂಡತಿ ಕಾಶೀಬಾಯಿ ಗೊಣಗಿದಳು. ಜಗತ್ತೆಲ್ಲ ನೋಡುವವರಿಗೆ ಅಡಿಗೆಮನೆಯ ಗ್ಯಾಸ್ ತೀರಿದ್ದು ಕಾಣುವುದಿಲ್ಲವೆಂದೂ ಅಂದಳು.

ಮತದಾರರಲ್ಲಿ ಬಹಳ ಜನ ಆಳಂದ, ಅಫಜಲಪುರ, ಜೇವರ್ಗಿಯ ಕಾಲೇಜುಗಳವರು. ಒಂದು ದಿನ ಅಫಜಲಪುರದಿಂದ ನನ್ನ ಹಳೆಯ ಶಿಷ್ಯ, ಅಲ್ಲಿನ ಇತಿಹಾಸದ ಮೇಷ್ಟ್ರು ಗುರುಬಸಪ್ಪ, ಬಸ್ಸು ಹಿಡಿದು ಬಂದ. "ಸರ, ಯಾವಾಗ ಹಚ್ಚಿದ್ರೂ ನಿಮ್ಮ ಫೋನ್ ಎಂಗೇಜ್ ಬರ್ತದ. ನೀವು ಬೆಂಗಳೂರಿನ ಮಂತ್ರಿಗಳ ಜೋಡಿ ಮಾತಾಡಾಕತ್ತೀರಿ ಅಂತ ಸುದ್ದಿ ಆಗ್ಯದ" ಎಂದ. ನಾನು ಗಾಬರಿಯಾಗಿ ಗುಮ್ಮಟ ತೋರಿಸಿ ನಿಜ ಹೇಳಿದೆ. ಅವನು ಎದ್ದು ಬಾಗಿಲು ಮುಂದೆ ಮಾಡಿದ. "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಪ್ರಚಾರಕ್ಕೂ ಬರಬ್ಯಾಡ್ರಿ. ಇದರ ಮುಂದ ಕುಂದರ್ರಿ, ಸಾಕು" ಎಂದ. ಫೋನು ಸಿಗದವನ ಕೈ ಮೇಲಿನವರೆಗೂ ಮುಟ್ಟುತ್ತದೆಂದು ಜೇವರ್ಗಿಯವರು ನಂಬಿದ್ದರಂತೆ. ಮಹಬೂಬ ಸಾಹೇಬರು ಮೊದಲ ರಿಂಗಿಗೇ ಎತ್ತುತ್ತಾರೆ, ಅಷ್ಟು ಪುರುಸೊತ್ತಿನ ಮನುಷ್ಯನಿಂದ ಏನಾದೀತು ಎಂದು ಅವರದೇ ಊರಿನ ಆಳಂದದವರು ಆಡಿಕೊಳ್ಳುತ್ತಿದ್ದರಂತೆ. ಕೂತಲ್ಲೇ ನನ್ನ ಘನತೆ ಬೆಳೆಯುತ್ತಿತ್ತು. ಸುಳ್ಳು ಹೇಳಬೇಕಿರಲಿಲ್ಲ, ಬರೀ ಸುಮ್ಮನಿದ್ದರೆ ಆಗುತ್ತಿತ್ತು. ಸುಮ್ಮನಿದ್ದೆ.

ಆದರೆ ಸಾಹೇಬರು ವಾಕಿಂಗಿಗೆ ಬರುವುದನ್ನು ಬಿಟ್ಟರು. ಅವರಿಗೆ ಸಿಗಬೇಕಾದ ವಿಭಾಗದ ಮುಖ್ಯಸ್ಥಗಿರಿಯನ್ನು ತಪ್ಪಿಸಲು ನಾನು ಮೇಲಿನವರ ಕಿವಿ ಊದುತ್ತಿದ್ದೇನೆಂದು ಯಾರೋ ಹೇಳಿದ್ದರು. ಗೇಟಿನಲ್ಲಿ ಎದುರಾದರೆ ಮಾರಿ ತಿರುವುತ್ತಿದ್ದರು. ನಾನೊಬ್ಬನೇ ನಡೆಯತೊಡಗಿದೆ. ನಾನು ಹೇಳಿದ್ದನ್ನು ತಪ್ಪು ಎನ್ನುವವರು ಪಕ್ಕದಲ್ಲಿ ಇಲ್ಲದಿದ್ದರೆ ದಾರಿ ಎಷ್ಟು ಉದ್ದವೆಂದು ಆಗ ಗೊತ್ತಾಯಿತು.

ಮತದಾನದ ಹಿಂದಿನ ಸಂಜೆ ಅವರೇ ಬಂದರು. ಹೊಸ್ತಿಲಲ್ಲೇ ನಿಂತು, "ಪ್ರೊಫೆಸರ್ ಸಾಬ್, ನನ್ನ ವಿಷಯ ಯಾರ ಜೋಡಿ ಮಾತಾಡಾಕತ್ತೀರಿ? ನನ್ನ ಮುಂದೇ ಹೇಳ್ರಿ" ಎಂದರು. ನಾನು ಕೈಹಿಡಿದು ಒಳಗೆ ಕರೆದು, ಫೋನು ಹಿಡಿದಿಟ್ಟದ್ದು ಇದೇ ಎಂದು ಕಂಪ್ಯೂಟರಿನ ಮುಂದೆ ಕೂರಿಸಿದೆ. ಗುಮ್ಮಟದಿಂದ ಮೆಟ್ಟಿಲವರೆಗೆ ಇಳಿಯುವುದನ್ನು ಅವರು ಪೂರಾ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ಇದರಾಗ ಮಕ್ಕಾ ಕಾಣ್ತದೇನು ಎಂದು ಕೇಳಿದರು.

ಮೊದಲು ಆಕಾಶ ಬಂತು, ಆಮೇಲೆ ಮಿನಾರಿನ ತುದಿ. ಅಷ್ಟರಲ್ಲಿ ಸಾಹೇಬರು ಎದ್ದು ಹೋಗಿ ಬೇಗಂ ಅವರನ್ನೂ, ಮೊಣಕಾಲು ನೋವಿನಿಂದ ಹಜ್ ಆಸೆ ಬಿಟ್ಟಿದ್ದ ಮುದಿ ತಾಯಿಯನ್ನೂ ಕರೆತಂದರು. ಬಹಳ ಹೊತ್ತಿನ ಮೇಲೆ ಕರಿ ಬಟ್ಟೆ ಹೊದ್ದ ಕಾಬಾ ಪೂರಾ ಇಳಿಯಿತು. ಆ ತಾಯಿ ಎರಡೂ ಅಂಗೈ ಎತ್ತಿ ಕೂತರು. ಕಾಶೀಬಾಯಿ ತಂದ ಚಹಾವನ್ನು ಯಾರೂ ಮುಟ್ಟಲಿಲ್ಲ. ಅವತ್ತು ದೇವರ ದಯೆಯಿಂದ ಕರೆಂಟೂ ಹೋಗಲಿಲ್ಲ.

ಅದೇ ವೇಳೆಗೆ ಊರೂರಿನ ಮೇಷ್ಟ್ರುಗಳು ಫೋನು ಹಚ್ಚುತ್ತಿದ್ದರು. ನನ್ನದು ಎಂಗೇಜ್, ಸಾಹೇಬರದನ್ನು ಎತ್ತುವವರಿಲ್ಲ. ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬರು ನಮ್ಮಿಬ್ಬರನ್ನೂ ಕಿಟಕಿಯಲ್ಲಿ ಒಟ್ಟಿಗೆ ಕಂಡರು. ಬೆಳಗಾಗುವುದರೊಳಗೆ, ಇಬ್ಬರೂ ಒಳಗೊಳಗೇ ರಾಜಿಯಾಗಿ ನಮಗೆ ಟೋಪಿ ಹಾಕಿದರು ಎಂಬ ಸುದ್ದಿ ಆಳಂದ ಮುಟ್ಟಿತ್ತು. ಸಿಟ್ಟಿನ ಓಟುಗಳೆಲ್ಲ ವೀರಣ್ಣನವರಿಗೆ ಬಿದ್ದು ಅವರೇ ಗೆದ್ದರು. ಹಾರ ಹಾಕಲು ಹೋದವರನ್ನು ಕಂಡು ಅವರು ಅಂಜಿ, ತಾನು ನಾಮಪತ್ರ ಹಿಂದಕ್ಕೆ ತಗೊಳ್ಳಲು ಮೊದಲಿಂದಲೂ ತಯಾರಿದ್ದೆನೆಂದು ಕೈಮುಗಿದರಂತೆ.

ಆ ಸಂಜೆ ಸೋತವರಿಬ್ಬರೂ ವಾಕಿಂಗಿಗೆ ಹೊರಟೆವು. ಗಾಳಿ ತಂಪಾಗಿತ್ತು, ಮನಸ್ಸು ಹಗುರಾಗಿತ್ತು. ಸಾಹೇಬರು ನಿಧಾನವಾಗಿ, "ನಮ್ಮ ಅಮ್ಮಾಗ ಕಾಬಾ ತೋರಿಸಿದವ್ರಿಗೆ ಹೆಂಗ ಇಲ್ಲನ್ನಲಿ? ನನ್ನ ಓಟು ನಿಮಗೇ ಹಾಕೀನ್ರಿ. ನೀವು ಯಾರಿಗೆ ಹಾಕಿದ್ರಿ?" ಎಂದರು.

ನಾನು ರಸ್ತೆ ಬದಿಯ ಬೇವಿನ ಗಿಡ ನೋಡಿದೆ. ಆಮೇಲೆ, ಗುಪ್ತ ಮತದಾನ ಪ್ರಜಾಪ್ರಭುತ್ವದ ಆಧಾರಸ್ತಂಭ ಹೇಗೆಂಬುದನ್ನು ಅದರ ಇತಿಹಾಸ ಸಮೇತ ವಿವರಿಸಲು ಶುರುಮಾಡಿದೆ. ವಾಪಸು ಗೇಟಿಗೆ ಬರುವವರೆಗೂ ವಿವರಿಸಿದೆ. ಸಾಹೇಬರು ಅವತ್ತು ಒಮ್ಮೆಯೂ ತಪ್ಪು ಎನ್ನಲಿಲ್ಲ. ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಸಮಝ್ ಆತು ಬಿಡ್ರಿ" ಎಂದು ಒಳಗೆ ಹೋದರು.