ಬರಿದು ಮಾಡಿದ ಬಟ್ಟಲು

ಉಗ್ರಾಣದ ಗುಮಾಸ್ತನ ಫಜೀತಿಯೆಲ್ಲ ಮಗಳ ಒಂದು ಮಾತಿನಿಂದ ಮೊದಲಾಯಿತು. ಬೆಳಿಗ್ಗೆ ಶಾಲೆಗೆ ಹೊರಟವಳು, ಹಾಸಿಗೆಯಲ್ಲಿದ್ದ ಅಪ್ಪನನ್ನು ನೋಡಿ, "ಅಮ್ಮಾ, ಅಪ್ಪ ಎದ್ದು ನಿಂತ್ರೆ ಎಷ್ಟು ಎತ್ತರ ಇರ್ತಾರೆ?" ಎಂದು ಕೇಳಿದಳು.

"ಕೇಳಿಸ್ತಾ?" ಎಂದಳು ಹೆಂಡತಿ. "ಈ ಸಂಜೆಪಾಳಿ ಸಾಕು. ಇವತ್ತು ಸಾಹೇಬರ ಹತ್ರ ಹಗಲುಪಾಳಿ ಕೇಳಿಕೊಂಡೇ ಮನೆಗೆ ಬನ್ನಿ. ರಾತ್ರಿ ಊಟಕ್ಕೆ ಮೂರೂ ಜನ ಒಟ್ಟಿಗೆ ಕೂರ್ಬೇಕು. ನಾನೇನು ಒಡವೆ ಕೇಳಿದ್ನಾ?"

ಪರದೇಶದ ಆ ಊರಿನಲ್ಲಿ ಗುಮಾಸ್ತನಿಗೆ ಕೆಲಸ ಕೊಡಿಸಿದವನು ಅವನ ಷಡ್ಡಕ. ಅದೇ ಉಗ್ರಾಣದಲ್ಲಿದ್ದ ಆತನಿಗೆ ತಿಳಿಯದ ವಿಷಯವೇ ಇರಲಿಲ್ಲ. ತಿಳಿದವುಗಳಲ್ಲಿ ಸರಿಯಾದವು ಮಾತ್ರ ಕಡಿಮೆ.

"ಒಳ್ಳೇದೇ ಆಯ್ತು ಕಣೋ," ಎಂದ ಷಡ್ಡಕ, ವಿಷಯ ಕೇಳಿ. "ಹೊಸ ಸಾಹೇಬರು ಇವತ್ತು ಪಾಳಿಗೆ ಬಿಡುವು ಕೊಟ್ಟು ನಮ್ಮಿಬ್ಬರನ್ನೂ ಇಜಕಾಯಾಕ್ಕೆ ಕರೆದಿದ್ದಾರೆ. ಕೆಲಸ ಮುಗಿಸಿದೋರು ಕೂತು ಹರಟೆ ಹೊಡೀತಾ ಚೂರು ಚೂರೇ ತಿನ್ನೋ ಅಪ್ಪಟ ಜಪಾನೀ ಅಂಗಡಿ. ಸಾಹೇಬರೂ ಅದೇ ದೇಶದೋರು ತಾನೆ? ಅಲ್ಲೇ ಕೇಳಿಬಿಡು. ಆದ್ರೆ ಬಟ್ಟಲಲ್ಲಿ ಒಂದು ತೊಟ್ಟೂ ಬಿಡಬೇಡ. ಬಿಟ್ರೆ ಅವರ ಮುಖಕ್ಕೆ ಹೊಡೆದ ಹಾಗೆ!"

ಅಂಗಡಿಯೊಳಗೆ ಕಾಲಿಟ್ಟೊಡನೆ ಒಲೆಯ ಹಿಂದಿನ ಅಡುಗೆಯವರೆಲ್ಲ ಒಂದೇ ಕೊರಳಿನಿಂದ ಕೂಗಿದರು. ಗುಮಾಸ್ತ ಬೆದರಿ ಮತ್ತೆ ಬೀದಿಗೆ ಹಾರಿದ.

"ಸ್ವಾಗತ ಕಣೋ ಅದು!" ಷಡ್ಡಕ ಅಂಗಿ ಹಿಡಿದು ಒಳಗೆಳೆದ. "ಕೂಗಿದಾಗೆಲ್ಲ ಎದ್ದು ತಲೆ ಬಾಗಿಸ್ಬೇಕು, ಅದು ಮರ್ಯಾದೆ."

ಪಾದರಕ್ಷೆ ಬಿಟ್ಟು, ಮೊದಲೇ ಬಂದಿದ್ದ ಸಾಹೇಬರ ಜೊತೆ ಗಿಡ್ಡ ಮೇಜಿನ ಸುತ್ತ ಚಾಪೆಯ ಮೇಲೆ ಕುಳಿತರು. ಹೊಸ ಗಿರಾಕಿ ಬಂದಾಗಲೆಲ್ಲ ಅಡುಗೆಯವರು ಕೂಗುವರು. ಕೂಗಿದಾಗಲೆಲ್ಲ ಗುಮಾಸ್ತ ಮೇಜಿಗೆ ಮೊಣಕಾಲು ಬಡಿದುಕೊಂಡು ಎದ್ದು, ಗುರುತಿಲ್ಲದವರಿಗೂ ತಲೆ ಬಾಗಿಸಿ ಕೂರುವನು. ಸಾಹೇಬರು ಕಣ್ಣರಳಿಸಿ ನೋಡುತ್ತಿದ್ದರು.

ಗುಮಾಸ್ತ ಮದ್ಯ ಮುಟ್ಟುವವನಲ್ಲ. ಆದ್ದರಿಂದ ಬಾರ್ಲಿ ಚಹಾದ ಹೂಜಿ ಬಂತು. ಸಾಹೇಬರೇ ಬಟ್ಟಲು ತುಂಬಿದರು. ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಸುಟ್ಟ ಅಣಬೆ ಬಾಯಿಗೆ ಬಿದ್ದಾಗ ಗುಮಾಸ್ತನಿಗೆ ಜೀವನ ಹಿತವೆನಿಸಿತು. ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ, "ಸರ್, ಒಂದು ವಿಷಯ..." ಎಂದ.

ಸಾಹೇಬರು ಬರಿದಾದ ಬಟ್ಟಲನ್ನು ಕಂಡರು; ತುಂಬಿದರು. ಗುಮಾಸ್ತ ಕುಡಿದ. "ಸರ್, ಪಾಳಿ..." ಸಾಹೇಬರು ಮತ್ತೆ ತುಂಬಿದರು. ಹತ್ತನ್ನು ಮೂರರಿಂದ ಭಾಗಿಸಿದಂತೆ, ಎಷ್ಟು ಕಳೆದರೂ ಲೆಕ್ಕ ಮುಗಿಯಲೊಲ್ಲದು. ಗುಮಾಸ್ತನ ಹೊಟ್ಟೆ ಕೋಡಿ ಬೀಳುವ ಕೆರೆಯಾಯಿತು. ಎದ್ದು ಹೋಗೋಣವೆಂದರೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಾಲು ಚಾಚಿದ ಷಡ್ಡಕ.

ಕೊನೆಗೆ ಬಡಿಸುವಾಕೆಯೊಡನೆ ಏನೋ ಪಿಸುಗುಟ್ಟಿ ಷಡ್ಡಕ ಇತ್ತ ವಾಲಿದ. "ಸ್ವಲ್ಪ ಎಡವಟ್ಟಾಯ್ತು ಕಣೋ. ಬಟ್ಟಲು ಖಾಲಿ ಮಾಡಿದ್ರೆ ಇನ್ನೂ ಬೇಕು ಅಂತ ಅರ್ಥವಂತೆ. ಸಾಕು ಅನ್ನೋರು ತುಂಬಿದ್ದನ್ನ ಹಾಗೇ ಬಿಡ್ತಾರಂತೆ."

"ಈಗ ಹೇಳ್ತೀಯಾ, ಪುಣ್ಯಾತ್ಮ? ಕಾಲು ತೆಗಿ!"

ಗುಮಾಸ್ತ ಬಚ್ಚಲಿಗೆ ಓಡಿದ. ಹಗುರಾಗಿ ಬಂದವನು ತುಂಬಿದ ಬಟ್ಟಲನ್ನು ಮುಟ್ಟದೆ, ಒಂದೇ ಉಸಿರಿನಲ್ಲಿ, "ಸರ್, ನನಗೆ ಹಗಲುಪಾಳಿ ಬೇಕು. ಸಂಜೆ ಬಿಡುವು ಬೇಕು," ಎಂದುಬಿಟ್ಟ.

ಸಾಹೇಬರ ಕಣ್ಣು ತೇವಗೊಂಡಿತು. "ಇದನ್ನ ಕೇಳೋಕೆ ಇಷ್ಟು ಸಂಕೋಚವೇ? ನಾಳೆಯಿಂದಲೇ ಹಗಲುಪಾಳಿ!"

ಗುಮಾಸ್ತ ಬೀದಿಗೆ ಬಂದವನೇ ಮನೆಗೆ ಫೋನು ಮಾಡಿದ. "ಸಿಕ್ತು ಕಣೇ!" ಅತ್ತಲಿಂದ ಹೆಂಡತಿ, ಮಗಳು ಇಬ್ಬರೂ ಒಟ್ಟಿಗೇ ಕೂಗಿದರು. ಊರಿನ ದೀಪಗಳೆಲ್ಲ ತನಗಾಗಿಯೇ ಹೊತ್ತಿದಂತೆ ಅವನಿಗೆ ತೋರಿತು.

ಅಷ್ಟರಲ್ಲಿ ಸಾಹೇಬರು ಹೊರಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ದಿನಾ ಸಂಜೆ ನಮ್ಮ ಕಂಪನಿಯ ದೊಡ್ಡ ಗಿರಾಕಿಗಳನ್ನ ಇಲ್ಲಿಗೇ ಊಟಕ್ಕೆ ಕರ್ಕೊಂಡು ಬರ್ತೀನಿ. ಜೊತೆಗೆ ಕೂತೋರೆಲ್ಲ ಎರಡು ಬಟ್ಟಲಿಗೇ ಮನೆ ದಾರಿ ಹಿಡೀತಾರೆ. ನಿಮ್ಮಷ್ಟು ಪ್ರೀತಿಯಿಂದ ಕುಡಿಯೋರನ್ನ, ಬಂದೋರಿಗೆಲ್ಲ ಎದ್ದು ನಿಲ್ಲೋರನ್ನ ನಾನು ಕಂಡೇ ಇಲ್ಲ. ಹೇಗೆ ಕೇಳೋದು ಅಂತಿದ್ದೆ; ನೀವೇ ಸಂಜೆ ಬಿಡುವು ಮಾಡಿಕೊಂಡ್ರಿ! ನಾಳೆ ಪಾಳಿ ಮುಗಿದ ಕೂಡ್ಲೇ ಹೊರಡೋಣ."

ಸಾಹೇಬರು ತಲೆ ಬಾಗಿಸಿ ಹೊರಟುಹೋದರು. ಫೋನಿನಲ್ಲಿ ಹೆಂಡತಿಯ ದನಿ ಇನ್ನೂ ಕೇಳುತ್ತಲೇ ಇತ್ತು: "ರೀ, ನಾಳೆ ರಾತ್ರಿ ಎಷ್ಟು ಹೊತ್ತಿಗೆ ಬಡಿಸ್ಲಿ?"

"ನಿನ್ನ ಭಾವನ್ನೇ ಕೇಳು," ಎಂದು ಗುಮಾಸ್ತ ಫೋನನ್ನು ಹಿಂದೆಯೇ ಹೊರಬಂದಿದ್ದ ಷಡ್ಡಕನ ಕೈಗಿತ್ತ.

"ಹಲೋ ಭಾವ, ಎಷ್ಟು ಹೊತ್ತಿಗೆ?"

"ಹಲೋ... ಹಲೋ..." ಎಂದ ಷಡ್ಡಕ, "ಇಲ್ಲಿ ಏನೂ ಕೇಳಿಸ್ತಾ ಇಲ್ಲಮ್ಮ."